ಬಂದೂಕಿನ ದುರ್ಬೀನಿನಲ್ಲಿ ಅಧ್ಯಕ್ಷರನ್ನು ನೋಡಿದ ಬಗ್ಗೆ

ಇಂದ:
ಆರಿನ್ ಸ್ಕಾರ್, ದನ ಸಾಕುವವನು,
ಡ್ರೈ ಫೋರ್ಕ್ ಹಳ್ಳದ ದಂಡೆ, ಪೂರ್ವ ಮೊಂಟಾನಾ.

ಗೆ:
ಶ್ರೀಮತಿ ಮೇವಿಸ್ ಟ್ವೇಟನ್,
ಕಾರ್ಯದರ್ಶಿಗಳು (ಹಾಗೂ ಅಧ್ಯಕ್ಷರ ಪತ್ನಿ),
ಡ್ರೈ ಫೋರ್ಕ್ ಬಿಲದಳಿಲು ಬೇಟೆ ಸಂಘ.

ವಿಷಯ: ನನ್ನ ಹುಲ್ಲುಗಾವಲಿನಲ್ಲಿ ನಡೆಯಬೇಕಿದ್ದ ಸಂಘದ ಬೇಟೆಯನ್ನು ರದ್ದುಪಡಿಸಿದ ಆದೇಶ ಹಿಂಪಡೆಯುವ ಕುರಿತು.

ಉಲ್ಲೇಖ: ಅಧ್ಯಕ್ಷರು ಕಾಫಿ ಅಂಗಡಿಯಲ್ಲಿ, ನಾನು ಪ್ಯಾನ್‌ಕೇಕ್ ತಿನ್ನುತ್ತಿದ್ದಾಗ, ನಿಂತುಕೊಂಡು ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ:

೧. ಪ್ರತಿ ವಸಂತದಲ್ಲಿ ಸಂಘದವರೆಲ್ಲ ಸೇರಿ ಸರದಿಯಂತೆ ಒಬ್ಬೊಬ್ಬ ಸದಸ್ಯನ ಹುಲ್ಲುಗಾವಲಿಗೆ ಬಂದು, ನೆಲವೆಲ್ಲ ತೋಡಿಹಾಕುವ ಬಿಲದಳಿಲುಗಳನ್ನು ಹೊಡೆದುಕೊಡುವುದು ವಾಡಿಕೆ. ತಮ್ಮ ಸರದಿ ಮುಗಿಯಿತು, ಈಗ ನನ್ನದು. ನನ್ನ ನೆಲ ಈಗ ಜರಡಿಯಂತಿದೆ. ಮೊನ್ನೆ ಒಂದು ಕಡಸು ಬಿಲದೊಳಗೆ ಕಾಲಿಟ್ಟು ಮುರಿದುಕೊಂಡಿತು. ಸದ್ಯ ನಮ್ಮ ಫ್ರೀಜರಿನಲ್ಲಿದೆ. ಮುಂದಿನ ಸರದಿ ನನ್ನ ಕುದುರೆಯದಾಗಬಹುದು, ಅದರ ಮೇಲೆ ನಾನೂ ಇರಬಹುದು. ಫ್ರೀಜರಿನಲ್ಲಿ ಜಾಗವಿಲ್ಲ.

೨. ನನ್ನ ಬಳಿ ಮೊದಲು ಅಪ್ಪನ ಕಾಲದ ತೆಳು ನಳಿಗೆಯ ಸಣ್ಣ ಬಂದೂಕಿತ್ತು. ಅದರ ಮೇಲೊಂದು ಚಿಕ್ಕ ದುರ್ಬೀನು. ಸಂಘದ ಊಟದಲ್ಲಿ ಅಧ್ಯಕ್ಷರು ಅದನ್ನು ಕಂಡು, "ಏನೋ ಆರಿನ್, ಇದು ಬಂದೂಕೋ ಕಾಫಿ ಕಲಕೋ ಕಡ್ಡಿಯೋ? ದಪ್ಪ ನಳಿಗೆ ತಗೊಳ್ಳೋ. ಮೇಲೆ ದೊಡ್ಡ ದುರ್ಬೀನು ಹಾಕು. ಅಳಿಲಿನ ಮೀಸೆ ಎಣಿಸ್ಬೇಕು ನೀನು," ಎಂದರು. ಎಲ್ಲರೂ ನಕ್ಕರು. ಆದಕಾರಣ ನಾನು ಬೇಲಿಗೂಟದಷ್ಟು ದಪ್ಪದ ನಳಿಗೆಯನ್ನೂ ಚಂದ್ರನ ಗುಂಡಿಗಳು ಕಾಣುವ ದುರ್ಬೀನನ್ನೂ ಕೊಂಡೆನು.

೩. ದಪ್ಪ ನಳಿಗೆ ತಡವಾಗಿ ಬಿಸಿಯಾಗುತ್ತದೆ, ನಿಜ. ಆದರೆ ಒಮ್ಮೆ ಬಿಸಿಯಾದರೆ ನನ್ನ ಅತ್ತೆಯ ಸಿಟ್ಟಿನಂತೆ, ಆರುವುದೇ ಇಲ್ಲ. ಆ ಬಿಸಿಗಾಳಿ ದುರ್ಬೀನಿನ ಗಾಜಿನ ಮುಂದೆ ಏಳುತ್ತದೆ. ದೊಡ್ಡ ದುರ್ಬೀನು ಅಳಿಲಿನ ಜೊತೆ ಆ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಆದ್ದರಿಂದ ನಾಲ್ಕು ಗುಂಡು ಹೊಡೆದು ಅರ್ಧ ಗಂಟೆ ಸುಮ್ಮನೆ ಕೂರಬೇಕು. ಕೂತವನಿಗೆ ಕೆಟ್ಟ ಬುದ್ಧಿ ಬರುತ್ತದೆ.

೪. ಕಳೆದ ಭಾನುವಾರ ತಮ್ಮ ಹುಲ್ಲುಗಾವಲಿನಲ್ಲಿ ಹಾಗೆ ಕೂತಿದ್ದಾಗ, ನಳಿಗೆ ಪೂರಾ ಆರಿದ ಮೇಲೆ, ಎದುರು ದಿಬ್ಬದತ್ತ ಬಂದೂಕಿನ ದುರ್ಬೀನಿನಲ್ಲಿ ನೋಡಿದೆನು. ಗುಂಡು ಖಾಲಿ ಮಾಡಿ, ಗುಂಡು ಸಿಡಿಸುವ ಬೋಲ್ಟನ್ನೂ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ಬೋಲ್ಟಿಲ್ಲದ ಬಂದೂಕು ನೀರಿನ ಪೈಪಿಗೆ ಸಮ. ಆದರೂ ಮನುಷ್ಯರನ್ನು ನೋಡಲು ಕೈದುರ್ಬೀನೇ ಬೇಕು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕೈದುರ್ಬೀನು ಟ್ರಕ್ಕಿನಲ್ಲಿತ್ತು, ಟ್ರಕ್ಕು ದೂರವಿತ್ತು, ನಾನು ಸೋಮಾರಿ.

೫. ಕಂಡದ್ದು: ನಮ್ಮ ಅತ್ಯುತ್ತಮ ಗುರಿಕಾರರಾದ ಅಧ್ಯಕ್ಷರು ಮುಖದ ಮೇಲೆ ಟೋಪಿ ಹಾಕಿಕೊಂಡು ಮಲಗಿದ್ದರು. ಉಸಿರು ಬಿಟ್ಟಾಗಲೆಲ್ಲ ಟೋಪಿ ಏಳುತ್ತಿತ್ತು. ಪಕ್ಕದಲ್ಲಿ ತಾವು. ತಮ್ಮ ಮುಂದೆ ಕಾಫಿ ಕಲಕುವ ಕಡ್ಡಿಯಂಥ ಎರಡು ಬಂದೂಕು, ಎರಡಕ್ಕೂ ಚಿಕ್ಕ ದುರ್ಬೀನು. ಒಂದರಿಂದ ಹೊಡೆಯುವಾಗ ಇನ್ನೊಂದು ನೆರಳಿನಲ್ಲಿ ಆರುತ್ತಿತ್ತು. ನಡುನಡುವೆ ತಾವು ಕಾಫಿ ಕುಡಿಯುತ್ತಿದ್ದಿರಿ. ಅಳಿಲುಗಳು ತಪ್ಪದೆ ಬೀಳುತ್ತಿದ್ದವು. ಸಂಜೆ ಅವೆಲ್ಲ ಅಧ್ಯಕ್ಷರ ಹೆಸರಿಗೆ ಸೇರಿ ಚಪ್ಪಾಳೆಯಾಯಿತು. ನಾನೂ ತಟ್ಟಿದೆ.

೬. ನನ್ನ ದುರ್ಬೀನಿನ ಅಗಲವಾದ ಗಾಜು ಬಿಸಿಲಿಗೆ ಮಿಂಚಿ, ಅಧ್ಯಕ್ಷ ವರ್ಜಿಲ್ ಅವರು ಎಚ್ಚರಗೊಂಡರು. ಮರುದಿನ ಕಾಫಿ ಅಂಗಡಿಯಲ್ಲಿ ನಡೆದ ವಿಚಾರಣೆ ಹೀಗಿದೆ:

"ನನ್ನ ಹೆಂಡ್ತಿ ಕಡೆ ಬಂದೂಕು ತಿರುಗ್ಸಿದ್ಯೇನೋ?"

"ಬೋಲ್ಟು ಜೇಬಲ್ಲಿತ್ತು, ವರ್ಜಿಲ್."

"ನೋಡಿದ್ಯೋ ಇಲ್ವೋ, ಅಷ್ಟು ಹೇಳು."

"ನೋಡ್ದೆ."

"ಏನ್ ನೋಡ್ದೆ?"

ಅಂಗಡಿಯವರೆಲ್ಲ ಕುರ್ಚಿ ಸಮೇತ ನಮ್ಮ ಕಡೆ ತಿರುಗಿದರು. ಅಧ್ಯಕ್ಷರ ಕಿವಿಗಳು ಕೆಂಪಾಗಿದ್ದವು. ಆದಕಾರಣ ನಾನು ಹೇಳಿದೆ: "ಏನೂ ಕಾಣ್ಲಿಲ್ಲ ಮಾರಾಯ. ನಳಿಗೆ ಕಾದು ಎಲ್ಲಾ ನೀರಲ್ಲಿದ್ದ ಹಾಗೆ ಅಲ್ಲಾಡ್ತಿತ್ತು. ದಪ್ಪದ್ದು ತಗೋ ಅಂದೋನು ನೀನೇ ಅಲ್ವಾ."

ಅವರ ಮಾನ ಉಳಿಸಲು ಆಡಿದ ಸುಳ್ಳಿಗೆ ಅಂಗಡಿಯೆಲ್ಲ ನಕ್ಕಿದ್ದರಿಂದ ನನ್ನ ಸರದಿ ರದ್ದಾಯಿತು.

೭. ಆದ್ದರಿಂದ, ಬೇಟೆಯನ್ನು ನನ್ನ ಹುಲ್ಲುಗಾವಲಿನಲ್ಲೇ ನಡೆಸಿಕೊಡಬೇಕಾಗಿ ಪ್ರಾರ್ಥನೆ. ತಾವು ಎರಡೂ ಕಡ್ಡಿಗಳನ್ನು ತರಬೇಕು, ಕಾಫಿ ನನ್ನದು. ಹಳ್ಳದ ಬದಿಯ ಕಾಟನ್‌ವುಡ್ ಮರದಡಿ ಒಳ್ಳೆಯ ನೆರಳಿದೆ, ಅಧ್ಯಕ್ಷರಿಗೆ ಮಂಚ ಹಾಕಿಸುತ್ತೇನೆ. ನನ್ನ ದಪ್ಪ ಬಂದೂಕನ್ನು ಗೋಡೆಗೆ ತೂಗುಹಾಕಿದ್ದೇನೆ. ಗೋಡೆ ಸ್ವಲ್ಪ ವಾಲಿದೆ.

ತಮ್ಮ ವಿಶ್ವಾಸಿ,
ಆರಿನ್ ಸ್ಕಾರ್

ಲಗತ್ತುಗಳು:
ಅ. ಬೋಲ್ಟಿನ ಎಣ್ಣೆ ಕಲೆಯಿರುವ ಅಂಗಿ, ಸಾಕ್ಷಿಗಾಗಿ. ನೋಡಿ ಹಿಂತಿರುಗಿಸುವುದು, ಹೆಂಡತಿ ಹುಡುಕುತ್ತಿದ್ದಾಳೆ.
ಆ. ಸಭೆಯಲ್ಲಿ ಓದಲು ಇದೇ ಅರ್ಜಿಯ ಇನ್ನೊಂದು ಪ್ರತಿ. ಅದರಲ್ಲಿ ಐದನೇ ಅಂಶದಿಂದ ಕೆಳಗೆ, ಕೊನೆಯ ಪ್ರಾರ್ಥನೆಯ ಮೊದಲ ಸಾಲೊಂದನ್ನು ಬಿಟ್ಟು, ಮಾಂಸದ ಸಾರು ಚೆಲ್ಲಿ ಅಕ್ಷರ ಕಾಣುವುದಿಲ್ಲ.

ವಿ.ಸೂ.: ಸಭೆಯಲ್ಲಿ ಯಾವ ಪ್ರತಿ ಓದಬೇಕೆಂಬುದು ತಮಗೇ ಬಿಟ್ಟದ್ದು. ಸಾರು ಚೆಲ್ಲದ ಪ್ರತಿಯನ್ನೇ ಓದುವುದಾದರೆ ಮೊದಲೇ ತಿಳಿಸಬೇಕಾಗಿ ಕೋರಿಕೆ; ತಟ್ಟೆ ಕೆಳಗಿಟ್ಟು, ಈ ಸಲ ತಮ್ಮ ಹೆಸರಿನ ಚಪ್ಪಾಳೆಗೆ ಎರಡೂ ಕೈ ಖಾಲಿ ಇಟ್ಟುಕೊಂಡಿರುತ್ತೇನೆ.