ಮೂರನೇ ಕ್ಲಾಸಿನಲ್ಲಿ ನಾನೊಬ್ಬನೇ

ಮನೆಯಲ್ಲಿ ಒಬ್ಬರು ಟೀಚರಾಗಲು ಓದುತ್ತಿದ್ದರೆ ಉಳಿದವರೆಲ್ಲ ಮಕ್ಕಳಾಗಬೇಕು. ಕಗ್ಗದಾಸಪುರದ ನಮ್ಮ ಮನೆಯಲ್ಲಿ ಎರಡು ವರ್ಷ ದಿನಾ ಇದೇ ಪಾಡು.

ನಾನು ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ನಿವೃತ್ತನಾದವನು. ಆ ಸದ್ದಿನಲ್ಲಿ ಮಾತಾಡಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಮಾತು ಕಡಿಮೆ. ಸೊಸೆ ಹಾವೇರಿ ಕಡೆಯವಳು. ಪಿಯುಸಿ ಮುಗಿದ ವರ್ಷವೇ ಮದುವೆಯಾಗಿ ಬಂದಳು. ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿ ಬಂದ ಸಂಜೆ ನನ್ನ ಎದುರು ನಿಂತು, "ಮಾವಾರ, ನಾನೂ ಸಾಲಿಗೆ ಹೋಗ್ತೀನ್ರಿ" ಅಂದಳು. ಡಿ.ಎಡ್. ಮಾಡಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಬೇಕಂತೆ.

"ಹೋಗಮ್ಮ" ಅಂದೆ.

ಆ ತಿಂಗಳು ನಾನು ಆಡಿದ ದೊಡ್ಡ ಮಾತು ಅದೇ.

ಚಪ್ಪಾಳೆ

ಕಾಲೇಜಿನಲ್ಲಿ ಮೊದಲು ಕಲಿಸಿದ್ದು ಹೊಗಳುವುದನ್ನು. ಮಗು ಸರಿಯಾಗಿ ಹೇಳಿದ ತಕ್ಷಣ ಮೆಚ್ಚಬೇಕು. ಮಾತು ಬದಲಾಯಿಸುತ್ತಾ ಮೆಚ್ಚಬೇಕು. ವಾರವಿಡೀ ಮನೆಯಲ್ಲಿ ಅದೇ ಅಭ್ಯಾಸ. ನಾನು ಕಾಫಿ ಲೋಟ ತೊಳೆದಿಟ್ಟರೆ "ಭೇಷ್". ಪೇಪರ್ ಮಡಚಿಟ್ಟರೆ "ಶಾಣ್ಯಾ ಅದೀರಿ".

ಒಂದು ದಿನ ಗ್ಯಾಸ್ ಸಿಲಿಂಡರಿನವನು ಬಂದ. ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಇಳಿಸಿದ. ಯಾವಾಗಲೂ ಗೊಣಗುವ ಆಸಾಮಿ. ಬಾಗಿಲಲ್ಲಿ ಎರಡು ಸಿಲಿಂಡರ್ ನಿಂತಿದ್ದವು. ಸೊಸೆ ಕೇಳಿದಳು, "ತುಂಬಿದ್ದು ಯಾವುದಪಾ?"

"ಈ ಕಡೆದು ಮೇಡಂ. ಅದು ಖಾಲಿ."

"ಭಾಳ ಛಲೋ ಹೇಳಿದಿ! ಎಲ್ಲಾರೂ ಚಪ್ಪಾಳೆ ಹೊಡೀರಿ!"

ಮೊಮ್ಮಗಳು ಹೊಡೆದಳು. ನಾನೂ ಹೊಡೆದೆ. ಅವನು ನಮ್ಮ ಮೂವರ ಮುಖ ನೋಡಿ, ಖಾಲಿ ಸಿಲಿಂಡರ್ ಎತ್ತಿಕೊಂಡು ಇಳಿದುಹೋದ. ಹುಚ್ಚರ ಮನೆ ಅಂದುಕೊಂಡಿರಬೇಕು ಅಂತ ನಾನು ಅಂದುಕೊಂಡೆ.

ಮುಂದಿನ ಸಲ ನಮ್ಮ ಬೀದಿಗೆ ಗಾಡಿ ಬಂದಾಗ ಮೊದಲ ಸಿಲಿಂಡರ್ ನಮ್ಮ ಮನೆಗೆ. ಗೊಣಗಾಟವಿಲ್ಲ. ಇಳಿಸಿದ. ಹೋಗಲಿಲ್ಲ. "ಇದು ತುಂಬಿದ್ದು ಮೇಡಂ" ಅಂದು, ಚಪ್ಪಾಳೆಗೆ ಕಾಯುತ್ತಾ ನಿಂತ.

ಉತ್ತರವಿಲ್ಲ

ಪಾಠ ಮಾಡುವ ಮೊದಲು ಅದನ್ನು ಪುಸ್ತಕದಲ್ಲಿ ಬರೆಯಬೇಕು. ಒಂದು ಪಕ್ಕ ಟೀಚರ್ ಕೇಳುವ ಪ್ರಶ್ನೆ. ಇನ್ನೊಂದು ಪಕ್ಕ ಮಕ್ಕಳು ಕೊಡುವ ಉತ್ತರ. ಮಕ್ಕಳನ್ನು ಇನ್ನೂ ನೋಡಿಯೇ ಇರುವುದಿಲ್ಲ, ಉತ್ತರ ಮಾತ್ರ ಬರೆದಾಗಿರುತ್ತದೆ.

ಸೊಸೆ ಆರಿಸಿಕೊಂಡದ್ದು ಮೂರನೇ ಕ್ಲಾಸಿನ ಪಾಠ, ನೀರು ಆವಿಯಾಗುವುದು. ಸಂಜೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು.

"ಒದ್ದೆ ಬಟ್ಟೆಯನ್ನು ಎಲ್ಲಿ ಒಣಗಿಸುತ್ತೇವೆ?"

"ಮಹಡಿ."

"ಪೂರ್ಣ ವಾಕ್ಯದಾಗ ಹೇಳ್ರಿ."

"ಒದ್ದೆ ಬಟ್ಟೆಯನ್ನು ಮಹಡಿ ಮೇಲೆ ಒಣಗಿಸುತ್ತೇವೆ ಟೀಚರ್."

ಅಷ್ಟು ಉದ್ದ ಮಾತಾಡಿ ಎಷ್ಟು ವರ್ಷವಾಗಿತ್ತೋ. ಬಾಯಿ ನೋವಾಯಿತು.

"ಹಾಗಾದರೆ ಬಟ್ಟೆಯಲ್ಲಿದ್ದ ನೀರು ಎಲ್ಲಿಗೆ ಹೋಯಿತು?"

"ಕೆಳಗಿನ ಮನೆಯವರ ಹಪ್ಪಳದ ಮೇಲೆ."

ಇದು ನಿಜ. ಹಿಂದಿನ ವಾರವಷ್ಟೇ ಆ ಮನೆಯಾಕೆ ಬಂದು ಕೂಗಾಡಿ ಹೋಗಿದ್ದರು. ಸೊಸೆ ಪೆನ್ಸಿಲ್ ಕೆಳಗಿಟ್ಟಳು.

"ಮಾವಾರ, ಇದಕ್ಕ ನೀವು ಉತ್ತರ ಹೇಳಬಾರದ್ರಿ. ಇದು ಮಕ್ಕಳಿಗೆ ಗೊತ್ತಿರಬಾರದು. ಅವರು ಸುಮ್ಮನಾದ ಮ್ಯಾಲೆನ ನಾ ಪಾಠದ ಹೆಸರು ಹಲಗಿ ಮ್ಯಾಲೆ ಬರೀಬೇಕು."

ಪುಸ್ತಕ ತೋರಿಸಿದಳು. ಕೊನೆಯ ಪ್ರಶ್ನೆಯ ಎದುರು ಮಕ್ಕಳ ಉತ್ತರ ಹೀಗಿತ್ತು: ಉತ್ತರವಿಲ್ಲ.

ಮತ್ತೆ ಕೇಳಿದಳು. ಸುಮ್ಮನೆ ಕೂತೆ.

"ಭೇಷ್ ಮಾವಾರ!"

ಬಾಯಿ ಬಿಡುವುದಿಲ್ಲ ಅಂತ ಮನೆಯಲ್ಲಿ ನಲವತ್ತು ವರ್ಷ ಬೈಸಿಕೊಂಡವನು ನಾನು. ಅದಕ್ಕೆ ಶಹಭಾಸ್‌ಗಿರಿ ಸಿಕ್ಕಿದ್ದು ಅವತ್ತೇ ಮೊದಲು.

ಬಸ್ಸಿನ ಕಂಬ

ಕೊನೆಗೆ ಪಾಠ ಪರೀಕ್ಷೆ ಬಂತು. ಹಲಸೂರಿನ ಒಂದು ಶಾಲೆಯಲ್ಲಿ, ಹೊರಗಿನ ಪರೀಕ್ಷಕರ ಎದುರು ಪಾಠ ಮಾಡಬೇಕು. ಅದು ಕೈತಪ್ಪಿದರೆ ಒಂದು ವರ್ಷ ಹೋಯಿತು. ಇನ್ನೊಂದು ವರ್ಷ ಓದಲು ಮನೆಯಲ್ಲಿ ಬಿಡುತ್ತಾರೋ ಇಲ್ಲವೋ ಎಂಬ ಭಯ ಅವಳಿಗೆ. ನಾನು ಬಿಡುತ್ತಿದ್ದೆ. ಹೇಳಿರಲಿಲ್ಲ, ಅಷ್ಟೇ.

ಹಿಂದಿನ ಬೆಂಚಿಗೂ ಕಾಣುವಂಥ ಮಾದರಿ ತರಬೇಕಿತ್ತು. ಮಿಕ್ಕವರು ರಟ್ಟಿನಲ್ಲಿ ಮಾಡಿಕೊಂಡರು. ನಾನು ಕಬ್ಬಿಣದಲ್ಲಿ ಮಾಡಿಕೊಟ್ಟೆ. ಆಳೆತ್ತರದ ಎರಡು ಕಂಬ, ನಡುವೆ ಕಟ್ಟಲು ತಂತಿ. ಬಟ್ಟೆ ಒಣಗಿಸುವುದಕ್ಕೆ.

ಆಟೋದವನು ನೋಡಿ, "ಯಜಮಾನ್ರೇ, ಇದು ಸ್ಕೂಲಿಗಾ, ಮೆಟ್ರೋ ಕೆಲಸಕ್ಕಾ?" ಅಂದು ಹೊರಟೇ ಹೋದ. ಬಸ್ ಹತ್ತಿದೆವು. ಅವಳ ಕೈಯಲ್ಲೊಂದು ಕಂಬ, ನನ್ನ ಕೈಯಲ್ಲೊಂದು. ಇಂದಿರಾನಗರದಲ್ಲಿ ಜನ ನುಗ್ಗಿದರು. ಹಲಸೂರು ಬಂದಾಗ ನನ್ನ ಕಂಬ ಎತ್ತಿದೆ. ಮೇಲೆ ಬರಲಿಲ್ಲ. ನಾಲ್ಕು ಜನ ಅದನ್ನು ಹಿಡಿದುಕೊಂಡು ನಿಂತಿದ್ದರು.

"ಯಾಕ್ರೀ, ಬಸ್ಸಿನ ಕಂಬ ಕೀಳ್ತಿದೀರಾ!" ಒಬ್ಬರು ಕೂಗಿದರು.

"ನಂದು" ಅಂದೆ.

"ಬಸ್ಸೇ ನಿಮ್ದಾ?"

ಕಂಡಕ್ಟರ್ ಬಂದ. ಹಿಂದಿನಿಂದ ಮುಂದಿನವರೆಗೆ ಕಂಬಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದ. "ನಮ್ದೆಲ್ಲಾ ಇದೆ. ಅವರನ್ನ ಇಳಿಯೋಕೆ ಬಿಡ್ರಪ್ಪಾ" ಅಂದ.

ಪರೀಕ್ಷೆ

ಕಂಬ ನಿಲ್ಲಿಸಿಕೊಟ್ಟು ನಾನು ವರಾಂಡದ ಕಿಟಕಿಯ ಹತ್ತಿರ ನಿಂತೆ. ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತರು. ಸೊಸೆ ಒದ್ದೆ ಬಟ್ಟೆಯ ಬಕೆಟ್ಟನ್ನು ಕಂಬದ ಪಕ್ಕ ಇಟ್ಟು ಪಾಠ ಶುರು ಮಾಡಿದಳು.

ಎಲ್ಲ ಬರೆದಂತೆಯೇ ನಡೆಯಿತು. ಪಾಠದ ಹೆಸರು ಬರೆಯುವ ಮುಂಚಿನ ಕೊನೆಯ ಪ್ರಶ್ನೆ ಬಂತು.

"ಬಟ್ಟೆಯಲ್ಲಿದ್ದ ನೀರು ಎಲ್ಲಿಗೆ ಹೋಯಿತು?"

ಮುಂದಿನ ಸಾಲಿನಿಂದ ಎರಡು ಜಡೆಯ ಹುಡುಗಿಯೊಂದು ಎದ್ದು ನಿಂತಿತು. ಅವರ ಮನೆಯವರು ಬಟ್ಟೆ ಒಗೆಯುವ ಕೆಲಸದವರೆಂದು ಆಮೇಲೆ ತಿಳಿಯಿತು.

"ಮಿಸ್, ಅದು ಆವಿಯಾಗಿ ಗಾಳಿಗೆ ಹೋಗುತ್ತೆ. ಬಿಸಿಲಿದ್ರೆ ಬೇಗ ಹೋಗುತ್ತೆ. ಗಾಳಿ ಬೀಸಿದ್ರೆ ಇನ್ನೂ ಬೇಗ. ಮೋಡ ಇದ್ರೆ ಲೇಟು. ಮುದುರಿ ಹಾಕಿದ್ರೆ ಒಳಗಡೆ ಒಣಗಲ್ಲ, ವಾಸನೆ ಬರುತ್ತೆ. ನಮ್ಮಜ್ಜಿ ಹೊಡೀತಾರೆ."

ಕೂತುಕೊಂಡಿತು. ಪಾಠ ಮುಗಿದಿತ್ತು. ಗಂಟೆ ಹೊಡೆಯಲು ಇನ್ನೂ ಅರ್ಧ ಗಂಟೆಯ ಮೇಲಿತ್ತು.

ಸೊಸೆ ಪುಸ್ತಕ ನೋಡಿದಳು. ಅಲ್ಲಿ 'ಉತ್ತರವಿಲ್ಲ' ಎಂದಿತ್ತು. ಕಿಟಕಿಯ ಕಡೆ ನೋಡಿದಳು. ನಾನೂ ಸುಮ್ಮನಿದ್ದೆ. ಅಭ್ಯಾಸ ಮಾಡಿಸಿದವಳು ಅವಳೇ.

ಆಮೇಲೆ ಪುಸ್ತಕ ಮುಚ್ಚಿದಳು.

"ಭಾಳ ಛಲೋ ಹೇಳಿದಿ! ಎಲ್ಲಾರೂ ಚಪ್ಪಾಳೆ ಹೊಡೀರಿ! ಬಾ, ನೀನ ತೋರಿಸು."

ಹುಡುಗಿ ಒಂದು ಒದ್ದೆ ಬಟ್ಟೆಯನ್ನು ಹರವಿ ಹಾಕಿತು, ಇನ್ನೊಂದನ್ನು ಮುದುರಿ ಹಾಕಿತು. ಮಕ್ಕಳೆಲ್ಲ ಬಂದು ಮುಟ್ಟಿ ನೋಡಿದರು, ಜಗಳವಾಡಿದರು. ಆಗ ಸೊಸೆ ಕೇಳಿದಳು:

"ನೀರು ಗಾಳಿಗೆ ಹೋತು ಅಂದ್ರಿ. ಹೋಗೂದು ಯಾರಿಗಾದ್ರೂ ಕಾಣ್ತೇನು? ಯಾಕ ಕಾಣಲಿಲ್ಲ?"

ತರಗತಿ ಸುಮ್ಮನಾಯಿತು. ಎರಡು ಜಡೆಯೂ ಸುಮ್ಮನಾಯಿತು. ಪರೀಕ್ಷಕರ ಪೆನ್ನೂ ನಿಂತಿತು. ಆ ಪ್ರಶ್ನೆ ಪುಸ್ತಕದಲ್ಲಿರಲಿಲ್ಲ. ಸೊಸೆ ಹಲಗೆಯ ಕಡೆ ತಿರುಗಿ ಪಾಠದ ಹೆಸರು ಬರೆದಳು.

ಗಂಟೆ ಹೊಡೆದಾಗ ಮಕ್ಕಳು ಏಳಲಿಲ್ಲ. ನನ್ನ ಕಣ್ಣು ಒದ್ದೆಯಾಗಿತ್ತು. ವರಾಂಡದಲ್ಲಿ ಗಾಳಿ ಚೆನ್ನಾಗಿತ್ತು, ಬೇಗ ಒಣಗಿತು.

ಪರೀಕ್ಷಕರು ಹೊರಗೆ ಬಂದು ನನ್ನ ಮುಂದೆ ನಿಂತರು.

"ಪಾಠ ಪೂರ್ತಿ ಕಿಟಕೀಲೇ ನಿಂತಿದ್ರಲ್ಲ. ಯಾರು ನೀವು?"

"ಅವಳ ವಿದ್ಯಾರ್ಥಿ."

ನನ್ನ ಬಿಳಿ ಮೀಸೆ ನೋಡಿದರು.

"ಎಷ್ಟನೇ ಕ್ಲಾಸು?"

"ಮೂರು."

"ಪೂರ್ಣ ವಾಕ್ಯದಲ್ಲಿ ಹೇಳ್ಬೇಕು ಅಂತ ನಿಮ್ಮ ಟೀಚರ್ ಕಲಿಸಿಲ್ವಾ?"

"ಕಲಿಸಿದಾರೆ."

ಅವರು ತಮ್ಮ ಅಂಕದ ಪುಸ್ತಕ ಮಡಚಿ ಕಂಕುಳಲ್ಲಿಟ್ಟುಕೊಂಡರು.

"ಟೀಚರ್ ಪಾಸು. ನೀವು ಇನ್ನೊಂದು ವರ್ಷ ಅದೇ ಕ್ಲಾಸಲ್ಲಿ ಕೂತಿರಿ."