ಮಾವ ಉಳಿಸಿಟ್ಟ ಆರನೆಯ ಹಾಡು

ಯಲಹಂಕದ ಹತ್ತಿರದ ಕೋಗಿಲಿನಲ್ಲಿರುವ ನನ್ನ ಸೋದರಮಾವನಿಗೆ ಇಂಗ್ಲಿಷಿನಲ್ಲಿ ಬರುವುದು ‘ಥ್ಯಾಂಕ್ಸ್’ ಒಂದೇ. ಆದರೆ ಇಂಗ್ಲೆಂಡಿನ ನಾಲ್ವರು ವಾದ್ಯಗಾರರ ಬ್ಯಾಂಡು ಒಡೆದದ್ದರಲ್ಲಿ ಯಾರ ತಪ್ಪು ಎಷ್ಟು ಎಂದು ಕೇಳಿ ನೋಡಿ, ಅಣ್ಣತಮ್ಮಂದಿರ ಪಾಲುಪಂಚಾಯಿತಿಗಿಂತ ಚೆನ್ನಾಗಿ ಬಿಡಿಸಿ ಹೇಳುತ್ತಾರೆ!

ಆ ನಾಲ್ವರೂ ಪಳಗಿದ ಕೈಗಳು. ಬೇರೆಯವರ ಬ್ಯಾಂಡುಗಳಲ್ಲಿ ಎಷ್ಟೋ ವರ್ಷ ನುಡಿಸಿ, ಕೂದಲು ನರೆಯುವ ಹೊತ್ತಿಗೆ ಒಟ್ಟುಸೇರಿ, ಜಾಜನ್ನೂ ರಾಕನ್ನೂ ಕಲಸಿ ತಮ್ಮದೇ ಒಂದನ್ನು ಕಟ್ಟಿದರು. ಒಂದೇ ಒಂದು ರೆಕಾರ್ಡು ಬಂತು. ಎರಡು ವರ್ಷ ತುಂಬುವ ಮೊದಲೇ ಜಗಳವಾಡಿಕೊಂಡು ಚದುರಿದರು. ಆ ರೆಕಾರ್ಡು ಅದು ಹೇಗೋ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗೆ ಬಂದು, ಕವರಿನ ಮೇಲೆ ಸ್ಯಾಕ್ಸೊಫೋನಿನ ಚಿತ್ರವಿತ್ತೆಂಬ ಒಂದೇ ಕಾರಣಕ್ಕೆ ಮಾವನ ಕೈಸೇರಿತು. ಆಗ ಅವರು ಯಲಹಂಕದ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದರು. ಇವರದ್ದು ಇದೊಂದೇ, ಇನ್ನೊಂದು ಬರುವುದಿಲ್ಲ ಎಂದು ಅಂಗಡಿಯವನು ಹೇಳಿಯೇ ಕೊಟ್ಟಿದ್ದ. ಜಗಳದ ವಿವರಗಳನ್ನು ಎಷ್ಟೋ ಕಾಲದ ನಂತರ ಇಂಟರ್ನೆಟ್ಟಿನಲ್ಲಿ ಹುಡುಕಿ ಓದಿ ಹೇಳಿದವನು ನಾನು.

ರೆಕಾರ್ಡು ಮನೆಗೆ ಬಂದ ತಿಂಗಳಲ್ಲೇ ರಾಜಾನುಕುಂಟೆಯಲ್ಲೊಂದು ಮದುವೆ. ಗಂಡಿನ ಮೆರವಣಿಗೆಯಲ್ಲಿ ಮಾವ ಇದ್ದಕ್ಕಿದ್ದಂತೆ ಇಂಗ್ಲೆಂಡಿನವರ ಏಳೆಣಿಕೆಯ ತಾಳಕ್ಕೆ ಹೊರಳಿದರು. ಕುಣಿಯುತ್ತಿದ್ದವರ ಗತಿ ಏನಾಗಬೇಡ! ಎಂಟನೇ ಪೆಟ್ಟಿಗೆಂದು ಎತ್ತಿದ ಕಾಲುಗಳೆಲ್ಲ ಪಕ್ಕದವರ ಪಾದದ ಮೇಲೆ ಇಳಿದವು. ಮದುಮಗನ ಚಿಕ್ಕಪ್ಪ ಕುಂಟುತ್ತಾ ಬಂದು ಇದೇನೆಂದು ಕೇಳಿದ್ದಕ್ಕೆ, ತಾಳ ಸರಿಯಾಗಿಯೇ ಇದೆ, ನಿಮ್ಮವರ ಕಾಲು ನೋಡಿಕೊಳ್ಳಿ ಎಂದರಂತೆ. ಆ ಮನೆಯವರು ಈಗಲೂ ಬೇರೆ ಬ್ಯಾಂಡ್‌ಸೆಟ್ಟನ್ನೇ ಕರೆಸುತ್ತಾರೆ.

ಇಷ್ಟೇ ಆಗಿದ್ದರೆ ಹುಚ್ಚು ಎಂದು ಸುಮ್ಮನಾಗಬಹುದಿತ್ತು. ರೆಕಾರ್ಡಿನಲ್ಲಿರುವುದು ಆರು ಹಾಡು. ಹಾಡು ಅಂದೆನಲ್ಲ, ಮಾತಿಲ್ಲ, ಬರೀ ವಾದ್ಯ. ಮೂವತ್ತು ವರ್ಷದಿಂದ ಮಾವ ಪ್ರತಿ ಭಾನುವಾರ ಬೆಳಿಗ್ಗೆ ಐದನ್ನು ಕೇಳಿ ಪ್ಲೇಯರಿನ ಮುಳ್ಳನ್ನು ಎತ್ತಿಬಿಡುತ್ತಾರೆ. ಆರನೆಯದನ್ನು ಒಂದು ಸಲವೂ ಕೇಳಿಲ್ಲ!

ಯಾಕೆಂದು ಕೇಳಿದೆ.

“ಅದ್ನೂ ಕೇಳ್ಬುಟ್ರೆ ಇನ್ನೇನ್ಲಾ ಉಳೀತದೆ? ಅವ್ರಂತೂ ಇನ್ನೊಂದ್ ಮಾಡಲ್ಲ.”

ಮಧ್ಯಾಹ್ನ ತಂದ ಮೈಸೂರುಪಾಕು ನನ್ನ ಕೈಯಲ್ಲಿ ಸಂಜೆಯ ಮುಖ ಕಂಡದ್ದಿಲ್ಲ. ಇವರು ಮೂವತ್ತು ವರ್ಷ! ಎಂಥ ಗಟ್ಟಿ ಮನಸ್ಸು ಎಂದು ನಾನು ನಿಜಕ್ಕೂ ಬೆರಗಾದೆ. ಆದರೂ ನನ್ನ ಬುದ್ಧಿ ಎಲ್ಲಿ ಹೋಗುತ್ತದೆ? ಒಂದು ದಿನ ಅದೇ ಹಾಡು ನನ್ನ ಫೋನಿನಲ್ಲಿ ಸಿಗುತ್ತದೆಂದು ಒತ್ತಲು ಹೋದೆ. ಗಡ್ಡ ಹೆರೆಯುತ್ತಿದ್ದ ಮಾವ ಅರ್ಧ ನೊರೆಯಲ್ಲೇ ಎದ್ದು, ಕಿವಿ ಮುಚ್ಚಿಕೊಂಡು ಕೆರೆ ಏರಿಯವರೆಗೆ ಓಡಿದರು. ಆಮೇಲೆ ಮೂರು ಭಾನುವಾರ ಆ ಮನೆಯಲ್ಲಿ ನನಗೆ ಕಾಫಿ ಸಿಕ್ಕಿತು, ಮಾತು ಸಿಗಲಿಲ್ಲ.

ಅತ್ತೆಗೆ ಮಾತ್ರ ಆ ಸಂಗೀತವೆಲ್ಲ ಬೋರ್‌ವೆಲ್ ಕೊರೆಯುವ ಸದ್ದು. ರೆಕಾರ್ಡು ತಿರುಗಲು ಶುರುವಾದರೆ ಹಿತ್ತಲಿಗೆ ಹೊರಟುಬಿಡುತ್ತಿದ್ದರು. ಕಳೆದ ವರ್ಷ ಅವರ ಒಂದು ಕಿವಿ ಪೂರ್ತಿ ಕೇಳದಾಯಿತು. ಇನ್ನೊಂದೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಹೆಬ್ಬಾಳದ ಡಾಕ್ಟರು ಹೇಳಿದರು.

ಮುಂದಿನ ಭಾನುವಾರ ನಾನು ಹೋದಾಗ ಮಾವ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಮುಳ್ಳನ್ನು ಆರನೆಯ ಹಾಡಿನ ಮೇಲೆ ಇಳಿಸುತ್ತಿದ್ದರು. ಸ್ಪೀಕರ್ ಬಂದ್ ಆಗಿತ್ತು. ಹೀಗಾದರೆ ನಿಮಗೆ ಕೇಳಿಸುವುದಿಲ್ಲವಲ್ಲ ಮಾವ ಎಂದೆ.

“ಇರ್ಲಿ ಬುಡು. ಮೊದ್ಲು ಅವ್ಳು ಕೇಳ್ಲಿ.”

ಸ್ವಲ್ಪ ಹೊತ್ತಿಗೆ ಅತ್ತೆಯ ಬೆರಳು ಮೊಣಕಾಲಿನ ಮೇಲೆ ಆಡತೊಡಗಿತು. ಒಂದು, ಎರಡು, ಮೂರು... ಏಳು! ಒಂದು ಪೆಟ್ಟೂ ತಪ್ಪಲಿಲ್ಲ. ಮೂವತ್ತು ವರ್ಷ ಹಿತ್ತಲಲ್ಲಿ ನಿಂತು ಅತ್ತೆ ಮಾಡಿದ್ದೇನು ಎಂದು ಆಗ ತಿಳಿಯಿತು. ಮಾವ ಆ ಬೆರಳನ್ನೇ ನೋಡುತ್ತಾ ನಿಂತಿದ್ದರು. ಮುಗಿದ ಮೇಲೆ ಹೆಡ್‌ಫೋನ್ ತೆಗೆದು, ಹೇಗಿತ್ತು ಎಂದು ಕೂಗಿ ಕೇಳಿದರು.

“ನಾಲ್ಕ್ ಜನಾನೂ ಒಬ್ರುದ್ ಒಬ್ರು ಕೇಳ್ಕಂಡೇ ನುಡ್ಸವ್ರೆ,” ಎಂದರು ಅತ್ತೆ.

ಈಗ ಅವರಿಗೆ ಏನೂ ಕೇಳಿಸುವುದಿಲ್ಲ. ಭಾನುವಾರ ಐದನೆಯ ಹಾಡು ಮುಗಿದಾಗ ಮಾವ ಎಂದಿನಂತೆ ಮುಳ್ಳನ್ನು ಎತ್ತಿ, ಅತ್ತೆಯ ಪಕ್ಕ ಕೂತು ಅಂಗೈ ಚಾಚುತ್ತಾರೆ. ಅತ್ತೆ ಅದರ ಮೇಲೆ ಆರನೆಯದನ್ನು ಬೆರಳಿನಿಂದ ತಟ್ಟುತ್ತಾರೆ. ಮಾವ ಆ ಹಾಡನ್ನು ಇದುವರೆಗೆ ಕೇಳಿರುವುದು ಹಾಗೆ ಮಾತ್ರ.