ಹದಿನೇಳನೇ ಮನೆಯ ಮೂರನೆಯವರು

ಬಿಳಿ ಪ್ಲಾಸ್ಟಿಕ್ ಕ್ಯಾನು ಕಂಡರೆ ಪಥ್ಯದ ಡಾಕ್ಟರು ಈಗಲೂ ಮುಖ ತಿರುಗಿಸುತ್ತಾರೆ. ಎಣ್ಣೆಯದಾಗಲಿ, ಕುಡಿಯುವ ನೀರಿನದಾಗಲಿ, ಐದು ಲೀಟರಿನ ಬಿಳಿ ಕ್ಯಾನು ಎದುರಾದರೆ ಸಾಕು, ಅವರ ಕಿವಿ ಬಿಸಿಯಾಗುತ್ತದೆ, ಕಣ್ಣು ನೆಲ ನೋಡುತ್ತದೆ, ಬಲಗೈ ತಾನಾಗಿಯೇ ಪ್ಯಾಂಟಿನ ಜೇಬಿನಿಂದ ದೂರ ಸರಿಯುತ್ತದೆ. ಜೇಬಿಗೂ ಕ್ಯಾನಿಗೂ ಏನು ಸಂಬಂಧ ಎಂದು ಕೇಳುವಿರಿ. ಅದನ್ನು ಹೇಳುವುದಕ್ಕೇ ಈ ಕಥೆ. (ಡಾಕ್ಟರು ಹೇಳಬೇಡಿ ಎಂದಿದ್ದಾರೆ. ಅವರ ಅತ್ತೆ ಹೇಳಿ ಎಂದಿದ್ದಾರೆ. ಆ ಮನೆಯಲ್ಲಿ ಈಗ ಯಾರ ಮಾತು ನಡೆಯುತ್ತದೆ ಎನ್ನುವುದು ಇದರಿಂದಲೇ ತಿಳಿಯಿತಲ್ಲ.)

ಡಾಕ್ಟರು ಎಂದರೆ ಸೂಜಿ ಚುಚ್ಚುವ ಡಾಕ್ಟರಲ್ಲ. ಊಟಕ್ಕೂ ಕಾಯಿಲೆಗೂ ಇರುವ ನಂಟನ್ನು ಇಪ್ಪತ್ತೆರಡು ವರ್ಷದಿಂದ ಕೆದಕುತ್ತಿರುವ ಸಂಶೋಧಕರು. ಅವರ ಪಕ್ಕದ ಕುರ್ಚಿಯಲ್ಲಿ ಕೂತು ಊಟ ಮಾಡಲು ನೆಂಟರು ಹೆದರುತ್ತಿದ್ದರು. ಬೆಣ್ಣೆಗೆ ಕೈ ಹಾಕಿದವರಿಗೆ ರಕ್ತನಾಳದ ಪಾಠ, ಸಕ್ಕರೆಗೆ ಕೈ ಹಾಕಿದವರಿಗೆ ಮೇದೋಜೀರಕದ ಪುರಾಣ. ಉಪ್ಪಿನ ಮಾತು ಬಂದರಂತೂ ಬಡಿಸಿದ್ದು ತಣ್ಣಗಾಗುವವರೆಗೆ ಬಿಡುತ್ತಿರಲಿಲ್ಲ. ಅವರಿಗೆ ಹೆಸರು ತಂದ ಪ್ರಬಂಧದ ವಿಷಯವೇ, ಜನ ತಾವು ತಿಂದದ್ದನ್ನು ಎಷ್ಟು ಸಲೀಸಾಗಿ ಮರೆಯುತ್ತಾರೆ ಎನ್ನುವುದು. ಅದರ ಪ್ರತಿಗಳನ್ನು ಆಫೀಸಿನ ಮೇಜಿನ ಮೇಲ್ಗಡೆಯ ಡ್ರಾಯರಿನಲ್ಲಿ ಇಟ್ಟುಕೊಂಡು ಬಂದವರಿಗೆಲ್ಲ ಹಂಚುತ್ತಿದ್ದರು. ಕೆಳಗಿನ ಡ್ರಾಯರಿನಲ್ಲಿ ಏನಿತ್ತು ಎನ್ನುವುದನ್ನು ಆಮೇಲೆ ನೋಡೋಣ.

ಆ ವರ್ಷ ಡಾಕ್ಟರು ಉಪ್ಪಿನ ಮೇಲೆ ಒಂದು ದೊಡ್ಡ ಅಧ್ಯಯನ ಹೂಡಿದರು. ನಲವತ್ತು ಮನೆ, ಮೂರು ತಿಂಗಳು. ಅರ್ಧ ಮನೆಗಳಿಗೆ ಮಾಮೂಲಿ ಉಪ್ಪು, ಉಳಿದರ್ಧಕ್ಕೆ ಸೋಡಿಯಂ ಕಡಿಮೆ ಇರುವ ಉಪ್ಪು. ಎರಡೂ ಒಂದೇ ಥರದ ಡಬ್ಬಿಯಲ್ಲಿ. ಯಾರಿಗೆ ಯಾವುದು ಹೋಯಿತು ಎನ್ನುವ ಗುಟ್ಟು ಅಂಕಿಅಂಶದ ಮೇಡಂ ಒಬ್ಬರ ಕಪಾಟಿನಲ್ಲಿ ಮಾತ್ರ. ಎರಡು ವಾರಕ್ಕೊಮ್ಮೆ ಮನೆಯ ಪ್ರತಿಯೊಬ್ಬರೂ ಒಂದು ಇಡೀ ದಿನದ ಮೂತ್ರವನ್ನು ಐದು ಲೀಟರಿನ ಬಿಳಿ ಕ್ಯಾನಿನಲ್ಲಿ ಹಿಡಿದು ಕೊಡಬೇಕು. ನಾಲಿಗೆ ಸುಳ್ಳು ಹೇಳಬಹುದು, ಕ್ಯಾನು ಹೇಳುವುದಿಲ್ಲ ಎಂದು ಡಾಕ್ಟರು ಎಲ್ಲ ಸಭೆಗಳಲ್ಲೂ ಹೇಳುತ್ತಿದ್ದರು. ತಿಂದ ಉಪ್ಪಿನ ಬಹುಪಾಲು ಅಲ್ಲಿಗೇ ಬಂದು ಸೇರುತ್ತದೆ.

ಮೂವತ್ತೊಂಬತ್ತು ಮನೆ ಸಿಕ್ಕವು. ನಲವತ್ತನೆಯದು ಸಿಗಲಿಲ್ಲ. ಹದಿನೇಳನೇ ಸಂಖ್ಯೆಯ ಮನೆಯವರು ಕ್ಯಾನು ನೋಡಿದ ದಿನವೇ ಬೇಡಪ್ಪ ಎಂದು ಕೈಮುಗಿದಿದ್ದರು. ಆಗ ಡಾಕ್ಟರಿಗೆ ಹೊಳೆಯಿತು ಆ ಮಹಾ ಉಪಾಯ: ಆ ಸಂಖ್ಯೆಗೆ ನಮ್ಮ ಮನೆಯೇ ಇದೆಯಲ್ಲ. ಅಂಕಿಅಂಶದ ಮೇಡಂ ಒಪ್ಪಲಿಲ್ಲ. ಅಧ್ಯಯನ ಮಾಡುವವರ ಮನೆಯನ್ನೇ ಸೇರಿಸುವುದು ನಿಯಮಕ್ಕೆ ಸರಿಯಲ್ಲ, ನಾಳೆ ಎಲ್ಲರೂ ಬೆರಳು ತೋರಿಸುತ್ತಾರೆ ಎಂದರು. ಡಾಕ್ಟರು ನಕ್ಕುಬಿಟ್ಟರು. ಈ ಊರಿನಲ್ಲಿ ನಮ್ಮ ಮನೆಗಿಂತ ನಂಬಿಕಸ್ಥ ಮನೆ ಒಂದಿದ್ದರೆ ತೋರಿಸಿ ಎಂದರು. ಮೇಡಂ ತೋರಿಸಲಿಲ್ಲ. ಸುಮ್ಮನೆ ಬರೆದುಕೊಂಡರು.

ಮನೆಯಲ್ಲಿ ಇದ್ದವರು ಮೂವರು. ಡಾಕ್ಟರು, ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಹೆಂಡತಿ, ಮತ್ತು ಹೆಂಡತಿಯ ತಾಯಿ. ಅತ್ತೆ ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ಪುಡಿ ತೂಗಿ ಪೊಟ್ಟಣ ಕಟ್ಟಿದವರು. ಮಾತು ಕಡಿಮೆ, ಕೈ ತೂಕ ಖಚಿತ. ಬಿ.ಪಿ. ಇದೆ, ದಿನಕ್ಕೊಂದು ಮಾತ್ರೆ. ಮನೆಯ ಊಟದ ಡೈರಿ ಬರೆಯುವ ಕೆಲಸವನ್ನು ಡಾಕ್ಟರು ಅವರಿಗೇ ಒಪ್ಪಿಸಿದರು. ಅಂದು ಸಂಜೆ ಇಬ್ಬರನ್ನೂ ಸೋಫಾದ ಮೇಲೆ ಕೂರಿಸಿ, ತಾವು ನಿಂತುಕೊಂಡು, ನಿಯಮಾವಳಿಯನ್ನು ಬೋಧಿಸಿದರು.

"ನೋಡಿ ಅತ್ತೆ, ಡೈರಿಯಲ್ಲಿ ಯಾರ ಹೆಸರೂ ಇರಬಾರದು. ಮೊದಲನೆಯವರು, ಎರಡನೆಯವರು, ಮೂರನೆಯವರು ಅಷ್ಟೇ. ಯಾರು ಎಷ್ಟನೆಯವರು ಅನ್ನೋದು ನಿಮಗೆ ಮಾತ್ರ ಗೊತ್ತಿರಬೇಕು. ಯಾರು ಏನು ತಿಂದರೂ, ಎಲ್ಲಿ ತಿಂದರೂ, ನಿಮಗೆ ಕಂಡದ್ದನ್ನೆಲ್ಲ ತೂಕ ಮಾಡಿ ಬರೀರಿ. ಶನಿವಾರ ಆ ವಾರದ ಹಾಳೆ ಹರಿದು ಲಕೋಟೆಗೆ ಹಾಕಿ, ಅಂಟಿಸಿ, ಅಂಕಿಅಂಶದ ಮೇಡಂಗೆ ಕಳಿಸಿಬಿಡಿ. ಬರೆದದ್ದನ್ನ ಮನೆಯಲ್ಲಿ ಯಾರಿಗೂ ಹೇಳಬಾರದು. ನಾನೇ ಕೇಳಿದರೂ ಹೇಳಬಾರದು."

"ನೀವೇ ಕೇಳಿದರೂ?" ಎಂದರು ಅತ್ತೆ.

"ನಾನು ಕಾಲಿಗೆ ಬಿದ್ದು ಕೇಳಿದರೂ."

ಅತ್ತೆ ತಲೆಯಾಡಿಸಿದರು. ಔಷಧಿ ಅಂಗಡಿಯಲ್ಲಿ ಊರಿನ ಅರ್ಧ ಜನರ ಗುಟ್ಟಿನ ಕಾಯಿಲೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದವರಿಗೆ ಇದೇನು ದೊಡ್ಡದಲ್ಲ.

ಆಮೇಲೆ ಶುರುವಾಯಿತು ಮನೆಯ ಪಾಡು. ಕ್ಯಾನಿನ ದಿನ ಬಂತೆಂದರೆ ಬಚ್ಚಲಿನಲ್ಲಿ ಮೂರು ಕ್ಯಾನುಗಳು ಸಾಲಾಗಿ ನಿಂತಿರುತ್ತಿದ್ದವು. ಮೇಲೆ ಯಂತ್ರ ಮಾತ್ರ ಓದಬಲ್ಲ ಕರಿ ಗೆರೆಗಳ ಚೀಟಿ. ಗುರುತಿಗೆಂದು ಹೆಂಡತಿ ತನ್ನದಕ್ಕೆ ಕೆಂಪು ದಾರ ಕಟ್ಟಿದಳು, ಅತ್ತೆ ತಮ್ಮದಕ್ಕೆ ನೀಲಿ ದಾರ. ಡಾಕ್ಟರು ತಮ್ಮ ಕ್ಯಾನನ್ನು ಕೈಚೀಲದಲ್ಲಿಟ್ಟುಕೊಂಡು ಆಫೀಸಿಗೂ ಒಯ್ಯುತ್ತಿದ್ದರು, ದಿನದ ಒಂದು ಹನಿಯೂ ವ್ಯರ್ಥವಾಗಬಾರದಲ್ಲ. ಬಸ್ಸಿನಲ್ಲಿ ಒಬ್ಬರು ಎಣ್ಣೆ ಎಲ್ಲಿ ಕೊಂಡಿರಿ ಎಂದು ಕೇಳಿದ್ದೂ ಉಂಟು.

ಇನ್ನು ಆ ಕೆಳಗಿನ ಡ್ರಾಯರು. ಅದರಲ್ಲಿ ಉಪ್ಪು ಸವರಿದ ಕಡಲೆಬೀಜದ ಪೊಟ್ಟಣಗಳಿದ್ದವು. ಪಕ್ಕದಲ್ಲಿ ಚಿಪ್ಸು, ಚೀಸ್ ಬಿಸ್ಕತ್ತು. ಅಷ್ಟು ದೊಡ್ಡ ವಿದ್ವಾಂಸರಿಗೆ ಇದು ತಪ್ಪು ಎನಿಸಲಿಲ್ಲವೇ ಎಂದರೆ, ಇಲ್ಲ. ತಟ್ಟೆಯಲ್ಲಿ ಹಾಕಿಕೊಂಡು ಕೂತು ತಿಂದರೆ ಅದು ಆಹಾರ. ಲೆಕ್ಕಾಚಾರದ ನಡುವೆ, ನಿಂತುಕೊಂಡು, ಏನನ್ನೋ ಯೋಚಿಸುತ್ತ ಜೇಬಿನಿಂದ ಬಾಯಿಗೆ ಹೋಗುವುದು ಆಹಾರವೇ ಅಲ್ಲ. ಹೀಗಂತ ಅವರು ಎಲ್ಲೂ ಬರೆದಿರಲಿಲ್ಲ, ಯಾರಿಗೂ ಹೇಳಿರಲಿಲ್ಲ, ತಮಗೆ ತಾವೂ ಹೇಳಿಕೊಂಡಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಬೇರೆಯವರನ್ನು ಕುರಿತದ್ದು ಎಂದೇ ನಂಬಿದ್ದರು.

ಎರಡನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಪ್ರಯೋಗಾಲಯದ ಮೇಜಿನ ಮೇಲೆ ಒಂದು ಹಾಳೆ ಬಿದ್ದಿತ್ತು. ಅದನ್ನು ಡಾಕ್ಟರು ನೋಡಬಾರದು. ನೋಡಬಾರದು ಎಂಬ ನಿಯಮ ಮಾಡಿದವರೂ ಅವರೇ. ನೋಡಿದರು. ಹದಿನೇಳನೇ ಮನೆ. ಮೊದಲನೆಯವರು, ಚೆನ್ನಾಗಿದೆ. ಎರಡನೆಯವರು, ಇನ್ನೂ ಚೆನ್ನಾಗಿದೆ. ಮೂರನೆಯವರು, ಇಬ್ಬರದೂ ಸೇರಿಸಿದರೂ ಅದಕ್ಕಿಂತ ಜಾಸ್ತಿ ಉಪ್ಪು.

ಡಾಕ್ಟರ ತಲೆ ಬಿರುಸಾಗಿ ಓಡಿತು. ಹೆಂಡತಿ ಇರಲಿಕ್ಕಿಲ್ಲ, ಅವಳಿಗೆ ಉಪ್ಪಿನ ಆಸೆ ಮೊದಲಿನಿಂದಲೂ ಇಲ್ಲ. ತಾವಂತೂ ಅಲ್ಲವೇ ಅಲ್ಲ. ಉಳಿದವರು ಯಾರು? ಬಿ.ಪಿ. ಯಾರಿಗೆ? ಹಿಂದೆ ತಟ್ಟೆಯ ಪಕ್ಕ ಉಪ್ಪಿನ ಬಟ್ಟಲು ಇಟ್ಟುಕೊಂಡು ಉಣ್ಣುತ್ತಿದ್ದವರು ಯಾರು? ಅಂಕಿಅಂಶದ ಮೇಡಂ ಅವರ ಕಪಾಟು ತೆರೆಯದೆಯೇ ಗುಟ್ಟು ಬಿಡಿಸಿದೆನಲ್ಲ ಎಂದು ತಮ್ಮ ಬುದ್ಧಿಗೆ ತಾವೇ ಬೆರಗಾದರು. ಆ ಸಂತೋಷದಲ್ಲಿ ಜೇಬಿಗೆ ಕೈ ಹೋಯಿತು, ಬಾಯಿಗೂ ಹೋಯಿತು.

ಅಂದು ಊಟದ ಮೇಜಿನಲ್ಲಿ ನಡೆದದ್ದನ್ನು ನೆನೆದರೆ ಹೇಳುವ ನನಗೇ ನಾಚಿಕೆಯಾಗುತ್ತದೆ. ಡಾಕ್ಟರು ಚಮಚ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. ಈ ಮನೆಯ ಮೂರನೆಯವರು ಕದ್ದು ಉಪ್ಪು ತಿನ್ನುತ್ತಿದ್ದಾರೆ, ವಿಜ್ಞಾನಕ್ಕೆ ದ್ರೋಹ ಮಾಡುತ್ತಿದ್ದಾರೆ, ಅಳಿಯನ ಮಾನ ಹೋದರೂ ಪರವಾಗಿಲ್ಲ ತಮ್ಮ ನಾಲಿಗೆ ಚಪಲ ತೀರಿದರೆ ಸಾಕು ಎಂದುಕೊಂಡಿದ್ದಾರೆ ಎಂದು ಮುಕ್ಕಾಲು ಗಂಟೆ ಮಾತಾಡಿದರು. ಮೂರನೆಯವರು ಎಂಬ ಮಾತು ಕಿವಿಗೆ ಬಿದ್ದಾಗ ಅತ್ತೆ ಒಮ್ಮೆ ತಲೆ ಎತ್ತಿ ಅಳಿಯನ ಮುಖ ನೋಡಿದರು. ಆಮೇಲೆ ಮತ್ತೆ ತಟ್ಟೆ ನೋಡಿದರು.

"ಕನ್ನಡಿ ನೋಡದೆ ರಿವರ್ಸ್ ತೆಗೀಬೇಡಿ ರೀ," ಎಂದಳು ಹೆಂಡತಿ. "ಅಮ್ಮ ಕದ್ದು ತಿನ್ನೋಳಲ್ಲ."

"ನಾನು ಹೇಳ್ತಿಲ್ಲ, ಕ್ಯಾನು ಹೇಳ್ತಿದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಅತ್ತೆ."

ಅತ್ತೆ ಅರ್ಧ ಊಟದಲ್ಲೇ ಎದ್ದು ಕೈ ತೊಳೆದುಕೊಂಡರು. ಮಾರನೆಯ ದಿನ ಡಾಕ್ಟರು ಉಪ್ಪಿನ ಡಬ್ಬಿಯನ್ನು ತಮ್ಮ ಕೋಣೆಗೆ ಸಾಗಿಸಿ, ಅಡುಗೆಗೆ ಬೇಕಾದಷ್ಟನ್ನು ತಾವೇ ಚಮಚದಲ್ಲಿ ಅಳೆದು ಕೊಡತೊಡಗಿದರು. ಅತ್ತೆ ಎಲ್ಲರ ಜೊತೆ ಮೇಜಿಗೆ ಬರುವುದನ್ನು ಬಿಟ್ಟರು. ಮೂರನೇ ದಿನ ಮಗಳ ಎದುರೇ ಅಳಿಯನಿಗೆ ತಮ್ಮ ತೀರ್ಮಾನ ತಿಳಿಸಿದರು.

"ಅಧ್ಯಯನ ಮುಗಿದ ಮಾರನೇ ದಿನ ನಾನು ದೊಡ್ಡವಳ ಮನೆಗೆ ಹೋಗ್ತೀನಿ. ಅಲ್ಲೇ ಇದ್ದುಬಿಡ್ತೀನಿ. ಈಗಲೇ ಹೋಗಬಹುದಿತ್ತು. ಮಧ್ಯದಲ್ಲಿ ಹೋದರೆ ನಿಮ್ಮ ಲೆಕ್ಕ ಕೆಡುತ್ತೆ."

ಹೆಂಡತಿ ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟಳು. ಬೇಕಾದದ್ದನ್ನು ಮಾತ್ರ, ಕಾರು ಕಲಿಯುವವರಿಗೆ ಹೇಳುವ ಹಾಗೆ, ನಿಲ್ಲಿ, ತಿರುಗಿ, ಮುಂದೆ ಹೋಗಿ ಎಂದು ಹೇಳುತ್ತಿದ್ದಳು. ಡಾಕ್ಟರಿಗೆ ಒಳಗೊಳಗೇ ಕಸಿವಿಸಿಯಾಯಿತು. ಆದರೂ ಸತ್ಯದ ದಾರಿ ಕಷ್ಟದ್ದು ಎಂದು ಸಮಾಧಾನ ಮಾಡಿಕೊಂಡರು. ಕಸಿವಿಸಿ ಹೆಚ್ಚಾದಷ್ಟೂ ಕೆಳಗಿನ ಡ್ರಾಯರು ಬೇಗ ಬೇಗ ಖಾಲಿಯಾಯಿತು.

ಮೂರು ತಿಂಗಳು ಕಳೆಯಿತು. ಗುಟ್ಟು ಬಿಚ್ಚುವ ಸಭೆಗೆ ಸಂಸ್ಥೆಯ ಮೂವತ್ತು ಜನ ಸೇರಿದ್ದರು. ಮೂವತ್ತೊಂಬತ್ತು ಮನೆಗಳ ಲೆಕ್ಕ ಅಚ್ಚುಕಟ್ಟಾಗಿ ಬಂದಿತ್ತು. ಹೊಸ ಉಪ್ಪು ತಿಂದವರ ಬಿ.ಪಿ. ನಿಜಕ್ಕೂ ಇಳಿದಿತ್ತು. ಹದಿನೇಳನೇ ಮನೆಯ ಮಾತು ಬಂದಾಗ, ಆ ಮನೆಯನ್ನು ಬಿಟ್ಟುಬಿಡೋಣ ಸರ್ ಎಂದರು ಅಂಕಿಅಂಶದ ಮೇಡಂ. ಡಾಕ್ಟರು ಎದ್ದು ನಿಂತರು. ಬಿಡಬಾರದು, ಯಾರ ಮನೆ ಎಂದು ಹೇಳಬೇಡಿ, ಆದರೆ ಅವರ ಡೈರಿ ಓದಿ, ಜನ ಹೇಗೆ ಸುಳ್ಳು ಬರೆಯುತ್ತಾರೆ ಎಂದು ಹೊಸಬರಿಗೆ ತಿಳಿಯಲಿ ಎಂದರು.

"ಓದಲೇಬೇಕಾ ಸರ್?"

"ಓದಿ ಮೇಡಂ. ವಿಜ್ಞಾನದಲ್ಲಿ ದಾಕ್ಷಿಣ್ಯ ಇಲ್ಲ."

ಮೇಡಂ ಕನ್ನಡಕ ಹಾಕಿಕೊಂಡು ಓದಿದರು.

"ಸೋಮವಾರ. ಮೂರನೆಯವರು. ಒಗೆಯಲು ಹಾಕಿದ ಪ್ಯಾಂಟಿನ ಬಲ ಜೇಬು: ಉಪ್ಪು ಸವರಿದ ಕಡಲೆಬೀಜದ ಪುಡಿ, ಎರಡೂವರೆ ಗ್ರಾಂ. ಜೊತೆಗೆ ನೂರು ಗ್ರಾಮಿನ ಖಾಲಿ ಪೊಟ್ಟಣ. ಉಳಿದದ್ದು ಎಲ್ಲಿ ಹೋಯಿತೆಂದು ಊಹಿಸಬಹುದು. ಬುಧವಾರ. ಮೂರನೆಯವರು ಹಸಿವಿಲ್ಲ, ಮಿತಾಹಾರವೇ ಆರೋಗ್ಯ ಎಂದು ಸೂಪು ಬಿಟ್ಟರು. ಎಡ ಜೇಬು: ಚಿಪ್ಸಿನ ಚೂರು, ನಾಲ್ಕು. ಶುಕ್ರವಾರ. ಮೂರನೆಯವರು ಊಟದ ಹೊತ್ತಿನಲ್ಲಿ ಉಪ್ಪಿನ ಕೆಡುಕಿನ ಬಗ್ಗೆ ಬುದ್ಧಿ ಹೇಳಿದರು. ಬಾಯಿಂದ ಚೀಸ್ ಬಿಸ್ಕತ್ತಿನ ವಾಸನೆ. ತೂಕ ಮಾಡಲಾಗಲಿಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಮೊದಲ ಸಾಲಿಗೆ ಡಾಕ್ಟರೂ ನಕ್ಕಿದ್ದರು. ಎರಡನೆಯದಕ್ಕೆ ನಗು ನಿಲ್ಲಿಸಿದರು. ಮೂರನೆಯದಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಮೇಡಂ ನಗದೆ ಹಾಳೆ ತಿರುವಿದರು.

"ಮಂಗಳವಾರ. ಎರಡನೆಯವರು ಇಂದು ಊಟ ಪೂರ್ತಿ ಮಾಡಲಿಲ್ಲ. ಕಾರಣ ಬರೆಯಲು ಈ ಡೈರಿಯಲ್ಲಿ ಜಾಗ ಕೊಟ್ಟಿಲ್ಲ."

ನಗು ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ನಿಶ್ಶಬ್ದದಲ್ಲಿ ಡಾಕ್ಟರ ಬಲಗೈ ಅವರಿಗೇ ತಿಳಿಯದಂತೆ ಪ್ಯಾಂಟಿನ ಜೇಬನ್ನು ಒತ್ತಿ ಹಿಡಿಯಿತು, ಒಳಗಿದ್ದ ಪೊಟ್ಟಣ ಚರಚರ ಸದ್ದು ಮಾಡಿತು. ಮೂವತ್ತು ತಲೆಗಳೂ ಆ ಕಡೆ ತಿರುಗಿದವು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿ ಇತ್ತು.

ಡಾಕ್ಟರು ಬಸ್ಸಿನಲ್ಲಿ ಮನೆಗೆ ಹೊರಟರು. ಜನರ ನಗು ಅವರನ್ನು ಅಷ್ಟಾಗಿ ಚುಚ್ಚಲಿಲ್ಲ. ಅಂದು ಊಟದ ಮೇಜಿನಲ್ಲಿ ತಾವು ಹೇಳಿದ ಒಂದೊಂದು ಮಾತೂ ಈಗ ನೆನಪಾಗಿ ಚುಚ್ಚುತ್ತಿತ್ತು. ಚಪಲ ಅಂದಿದ್ದೆ. ದ್ರೋಹ ಅಂದಿದ್ದೆ. ಎಪ್ಪತ್ತು ವರ್ಷದ ಹೆಂಗಸಿನ ಮುಂದೆ ಉಪ್ಪಿನ ಡಬ್ಬಿಯನ್ನು ಎತ್ತಿಕೊಂಡು ಹೋಗಿದ್ದೆ. ಏನು ಹೇಳಬೇಕು, ಹೇಗೆ ಶುರುಮಾಡಬೇಕು ಎಂದು ಕಿಟಕಿಯ ಹೊರಗೆ ನೋಡುತ್ತ ದಾರಿಯುದ್ದಕ್ಕೂ ಯೋಚಿಸಿದರು.

ನಡುಮನೆಯಲ್ಲಿ ಅತ್ತೆಯ ಪೆಟ್ಟಿಗೆ ಸಿದ್ಧವಾಗಿ ನಿಂತಿತ್ತು. ಬೆಳಿಗ್ಗೆ ದೊಡ್ಡ ಮಗಳು ಬಂದು ಕರೆದುಕೊಂಡು ಹೋಗುವವಳು. ಹೆಂಡತಿ ಬಾಗಿಲು ತೆರೆದು, ಒಳಗೆ ಬನ್ನಿ ಎಂದು ಎರಡೇ ಮಾತಿನಲ್ಲಿ ಮುಗಿಸಿದಳು. ಡಾಕ್ಟರು ಚಪ್ಪಲಿಯನ್ನೂ ಬಿಡದೆ ಅತ್ತೆಯ ಎದುರು ಹೋಗಿ ನಿಂತರು.

"ಅತ್ತೆ, ಆ ಮೂರನೆಯವನು ನಾನೇ. ನಿಮ್ಮ ಮೇಲೆ ಹಾಕಬಾರದ ಅಪವಾದ ಹಾಕಿದೆ. ನಿಮ್ಮ ಮುಖ ನೋಡೋಕೆ ನಾಚಿಕೆ ಆಗ್ತಿದೆ. ನಿಮಗೆ ಮೊದಲೇ ಗೊತ್ತಿತ್ತಲ್ಲ, ಅವತ್ತೇ ಯಾಕೆ ಹೇಳಲಿಲ್ಲ?"

"ಮನೆಯಲ್ಲಿ ಯಾರಿಗೂ ಹೇಳಬಾರದು ಅಂತ ನೀವೇ ಹೇಳಿದ್ರಲ್ಲ," ಎಂದರು ಅತ್ತೆ. ಕೊಂಕು ಇಲ್ಲ, ಸಿಟ್ಟು ಇಲ್ಲ. ನಿಯಮ ಎಂದರೆ ನಿಯಮ.

ಡಾಕ್ಟರಿಗೆ ನೆಲ ಬಾಯಿ ಬಿಟ್ಟರೆ ಸಾಕು ಎನಿಸಿತು. ಕಣ್ಣಲ್ಲಿ ನೀರು ಬಂತು. ದಯವಿಟ್ಟು ಹೋಗಬೇಡಿ, ಆ ಪೆಟ್ಟಿಗೆ ಬಿಚ್ಚಿ, ಇನ್ನು ನನ್ನ ಜನ್ಮದಲ್ಲಿ ಒಂದು ಕಾಳು ಉಪ್ಪಿನ ಬೀಜ ಮುಟ್ಟುವುದಿಲ್ಲ, ಸಭೆಯಿಂದ ಹೊರಡುವಾಗಲೇ ಬಿಟ್ಟೆ ಎಂದು ಕೈಮುಗಿದು ಹೇಳಿದರು.

ಅತ್ತೆ ಅವರ ಮುಖ ನೋಡಿದರು.

"ಮೀಸೆ ಒರೆಸಿಕೊಳ್ಳಿ," ಎಂದರು.

ಡಾಕ್ಟರು ಮೀಸೆ ಮುಟ್ಟಿದರು. ಬೆರಳಿಗೆ ಬಿಳಿ ಹರಳು, ಕಡಲೆಬೀಜದ ಸಿಪ್ಪೆ. ಜೇಬಿಗೆ ಕೈ ಹಾಕಿದರು. ಬಸ್ಸು ಹತ್ತುವಾಗ ತುಂಬಿದ್ದ ಪೊಟ್ಟಣ ಬರಿದಾಗಿತ್ತು. ಪಶ್ಚಾತ್ತಾಪ ಪಡುತ್ತಲೇ, ಬಸ್ಸಿನಲ್ಲಿ ನಿಂತುಕೊಂಡು, ಅಷ್ಟನ್ನೂ ಮುಗಿಸಿದ್ದರು.

ಅತ್ತೆ ಪೆಟ್ಟಿಗೆಯ ಮುಚ್ಚಳ ತೆಗೆದರು. ಬಟ್ಟೆಗಳ ಅಡಿಯಿಂದ ಅಡುಗೆಮನೆಯ ಚಿಕ್ಕ ತಕ್ಕಡಿಯನ್ನೂ ಡೈರಿಯನ್ನೂ ಹೊರಗೆ ತಂದು ಮೇಜಿನ ಮೇಲಿಟ್ಟರು. ನಾಳೆ ಬರುವುದು ಬೇಡ ಎಂದು ಅಕ್ಕನಿಗೆ ಫೋನು ಮಾಡು, ಈ ಮನೆಯಲ್ಲಿ ನನಗೆ ಇನ್ನೂ ಕೆಲಸ ಇದೆ ಎಂದು ಮಗಳಿಗೆ ಹೇಳಿದರು. ಆಮೇಲೆ ಖಾಲಿ ಪೊಟ್ಟಣಕ್ಕಾಗಿ ಅಳಿಯನ ಮುಂದೆ ಅಂಗೈ ಚಾಚಿದರು.

ಡಾಕ್ಟರು ಕೊಟ್ಟರು. ಹೆಂಡತಿ ಅಡುಗೆಮನೆಯಿಂದ ನೀರಿನ ದೊಡ್ಡ ಜಗ್ಗು ತುಂಬಿ ತಂದು ಗಂಡನ ಮುಂದೆ ಕುಕ್ಕಿದಳು. ಪಕ್ಕದಲ್ಲಿ ಲೋಟ ಇಡಲಿಲ್ಲ.

"ಕುಡೀರಿ," ಎಂದಳು.

ಡಾಕ್ಟರು ಜಗ್ಗನ್ನು ಎರಡೂ ಕೈಯಲ್ಲಿ ಎತ್ತಿ ಪೂರ್ತಿ ಕುಡಿದರು. ಅತ್ತೆ ಅದನ್ನೂ ಡೈರಿಯಲ್ಲಿ ಬರೆದುಕೊಂಡರು.